ನೆಟ್‌ವರ್ಕ್ ಇಲ್ಲ, ರೀಚಾರ್ಜ್ ದುಡ್ಡೂ ವಾಪಸ್ ಇಲ್ಲ: ಕಂಪನಿ ಬಿಡೋಕೆ ದಾರಿ ಯಾವುದು?

ಸಾಗರ: ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್‌ನ ಬ್ಯಾಟರಿ ಖಾಲಿಯಾದರೆ ಹಳ್ಳಿ ಅಂಗಡಿಯ ಸೌಂಡ್ ಬಾಕ್ಸ್ ಮಾತಾಡಲ್ಲ. ಗಿರಾಕಿಯ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತೆ, ಕೊನೆಗೆ ಲೆಕ್ಕ ಉದ್ರಿ ಪುಸ್ತಕಕ್ಕೆ ಹೋಗುತ್ತೆ. 2021ರಲ್ಲಿ ಮಲೆನಾಡಿನ ಹಳ್ಳಿಗಳಲ್ಲಿ 'ನೋ ನೆಟ್‌ವರ್ಕ್, ನೋ ವೋಟಿಂಗ್' ಅಭಿಯಾನವೇ ನಡೆದಿತ್ತು. ಈಗಲೂ ಹಲವರ ಪ್ರಶ್ನೆ ಒಂದೇ: ಸರಿಯಾಗಿ ಸಿಗದ ನೆಟ್‌ಗೆ ದುಡ್ಡು ಯಾಕೆ ಕಟ್ಟಬೇಕು?

ಕಟ್ಟಿ ಹಾಕಿರೋದು ಮುಂಗಡ ದುಡ್ಡು

ಪ್ರೀಪೇಯ್ಡ್ ಗ್ರಾಹಕರಿಗೆ ವರ್ಷದ ಕರಾರು ಅಂತ ಏನೂ ಇಲ್ಲ. ಯಾವ ಕಂಪನಿಗೆ ಬೇಕಾದರೂ ಹೋಗಬಹುದು. ಆದರೆ ಪೋರ್ಟ್ ಆದ ಕೂಡಲೇ ಹಳೆ ಕಂಪನಿಯಲ್ಲಿ ಉಳಿದ ಬ್ಯಾಲೆನ್ಸ್, ವ್ಯಾಲಿಡಿಟಿ ಎಲ್ಲ ಹೋಗುತ್ತೆ. ಉದಾಹರಣೆಗೆ, ವರ್ಷಕ್ಕೆ 3,600 ರೂ. ಕಟ್ಟಿದವರು ಮೂರು ತಿಂಗಳಿಗೆ ಬಿಟ್ಟರೆ 2,700 ರೂ. ಕೈ ಬಿಟ್ಟಂತೆ. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದ ಮೇಲೆ ಈ ನಷ್ಟ ಇನ್ನೂ ಭಾರ. ಹಾಗಾಗಿ ನೆಟ್‌ವರ್ಕ್ ಖಾತ್ರಿ ಇಲ್ಲದ ಊರಲ್ಲಿ, ದಿನದ ಲೆಕ್ಕದಲ್ಲಿ ಸ್ವಲ್ಪ ದುಬಾರಿಯಾದರೂ 28 ದಿನದ ಪ್ಲಾನೇ ವಾಸಿ.

ಪರಿಹಾರದ ನಿಯಮ ಇದೆ, ಆದರೆ…

ಟ್ರಾಯ್ 2024ರಲ್ಲಿ ಹೊಸ ಗುಣಮಟ್ಟ ನಿಯಮ ತಂದಿದೆ. ಜಿಲ್ಲಾ ಮಟ್ಟದಲ್ಲಿ 24 ಗಂಟೆಗಿಂತ ಹೆಚ್ಚು ಸೇವೆ ಬಂದ್ ಆದರೆ ಪೋಸ್ಟ್‌ಪೇಯ್ಡ್‌ನವರಿಗೆ ಬಾಡಿಗೆ ಕಡಿತ, ಪ್ರೀಪೇಯ್ಡ್‌ನವರಿಗೆ ಅಷ್ಟು ದಿನದ ವ್ಯಾಲಿಡಿಟಿ ಸಿಗಬೇಕು.

ಸಮಸ್ಯೆ ಇರೋದು 'ಜಿಲ್ಲೆ' ಅನ್ನೋ ಪದದಲ್ಲಿ. ಒಂದು ಊರಿನ ಟವರ್ ಮೂರು ದಿನ ಸತ್ತು ಮಲಗಿದರೂ ಶಿವಮೊಗ್ಗದಲ್ಲಿ ನೆಟ್ ಓಡುತ್ತಿದ್ದರೆ ಈ ನಿಯಮ ಅನ್ವಯಿಸಲ್ಲ. ನೆಟ್ ಸ್ಲೋ ಆದರೆ ಅದು 'ಬಂದ್' ಅಲ್ಲ. ಪ್ರಕೃತಿ ವಿಕೋಪಕ್ಕೆ ವಿನಾಯಿತಿಯೂ ಇದೆ. ಅಂದರೆ ಮಲೆನಾಡಿನ ನಿತ್ಯದ ತೊಂದರೆ ಈ ಲೆಕ್ಕಕ್ಕೆ ಬರೋದೇ ಇಲ್ಲ. ಹೋಬಳಿ ಅಥವಾ ಟವರ್ ಮಟ್ಟದಲ್ಲಿ ಲೆಕ್ಕ ಹಾಕದ ಹೊರತು ಹಳ್ಳಿಯವರಿಗೆ ಇದರಿಂದ ಉಪಯೋಗ ಕಡಿಮೆ.

ಪೋರ್ಟ್ ಮಾಡುವ ಮುಂಚೆ

ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ಮೊಬೈಲ್ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಕೋಡ್ ಬರುತ್ತೆ. ನಮ್ಮ ರಾಜ್ಯದಲ್ಲಿ ಅದರ ಅವಧಿ 4 ದಿನ. ರಾಜ್ಯದೊಳಗಿನ ಪೋರ್ಟ್‌ಗೆ 3 ಕೆಲಸದ ದಿನ ಬೇಕು. ಆದರೆ ಈಗಿನ ಕಂಪನಿಗೆ ಬಂದು 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಸಿಮ್ ಬದಲಿಸಿ 7 ದಿನ ಆಗಿರದಿದ್ದರೆ ಕೋಡ್ ಸಿಗಲ್ಲ. ಇದು 2024ರ ಜುಲೈ 1ರಿಂದ ಬಂದ ನಿಯಮ.

ಅವಸರ ಮಾತ್ರ ಬೇಡ. ಒಂದೇ ಟವರ್ ಕಂಬದ ಮೇಲೆ ಎರಡು ಮೂರು ಕಂಪನಿಗಳ ಆಂಟೆನಾ ಇರೋದುಂಟು. ಅಲ್ಲಿ ಕರೆಂಟ್ ಹೋದರೆ ಎಲ್ಲವೂ ಹೋಗಬಹುದು, ಪೋರ್ಟ್ ಆದರೂ ಕಥೆ ಅದೇ. ಹೋದ ಮೇಲೆ ಮತ್ತೆ 90 ದಿನ ಕದಲೋ ಹಾಗಿಲ್ಲ. ಮೊದಲು ಅಕ್ಕಪಕ್ಕದವರ ಫೋನಿನಲ್ಲಿ ಕರೆಂಟ್ ಇಲ್ಲದ ದಿನ ಸಿಗ್ನಲ್ ನೋಡಿ. ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲಿ ಕವರೇಜ್ ನಕ್ಷೆ ಹಾಕಬೇಕು ಅನ್ನೋ ನಿಯಮವೂ ಇದೆ, ಅದನ್ನೂ ನೋಡಿ. ಪೋರ್ಟ್ ಆಗುವಾಗ ಕೆಲ ಹೊತ್ತು ನಂಬರ್ ಸ್ತಬ್ಧವಾಗುವುದರಿಂದ ವ್ಯಾಪಾರಿಗಳು ಸಂತೆ ದಿನಕ್ಕೆ ಬೀಳದಂತೆ ನೋಡಿಕೊಳ್ಳುವುದು ಒಳ್ಳೇದು.

ದೂರು ಬರವಣಿಗೆಯಲ್ಲಿರಲಿ

198ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ ಡಾಕೆಟ್ ನಂಬರ್ ಕೊಡಲೇಬೇಕು. ಅದನ್ನು ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅಲ್ಲಿ 39 ದಿನದೊಳಗೆ ತೀರ್ಮಾನ ಆಗಬೇಕು. ಟ್ರಾಯ್ ಒಬ್ಬೊಬ್ಬರ ದೂರು ವಿಚಾರಣೆ ಮಾಡಲ್ಲ.

ಕೊನೆಯ ಮೆಟ್ಟಿಲು ಜಿಲ್ಲಾ ಗ್ರಾಹಕರ ಆಯೋಗ. ಟೆಲಿಕಾಂ ಸೇವೆಯ ದೂರನ್ನು ಗ್ರಾಹಕರ ವೇದಿಕೆಗಳು ಕೇಳಬಹುದು ಅಂತ ಸುಪ್ರೀಂ ಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ಸೇವೆಗೆ ಕಟ್ಟಿದ ಹಣ 5 ಲಕ್ಷ ರೂ. ಒಳಗಿದ್ದರೆ ಶುಲ್ಕ ಇಲ್ಲ. ಮೊದಲು 1915 ಸಹಾಯವಾಣಿಗೂ ಹೇಳಬಹುದು.

ಮುನ್ನೂರು ರೂಪಾಯಿ ರೀಚಾರ್ಜ್‌ಗೆ ಶಿವಮೊಗ್ಗಕ್ಕೆ ಯಾರು ಓಡಾಡ್ತಾರೆ ಅನ್ನೋ ಮಾತು ನಿಜ. ಆದರೆ ಒಂದೇ ಟವರ್ ಕೆಳಗಿನ ಇಪ್ಪತ್ತು ಮನೆ, ಐದು ಅಂಗಡಿಯವರು ಅದೇ ವಾರ ಡಾಕೆಟ್ ನಂಬರ್ ಮಾಡಿಸಿದರೆ, 'ನಿಮ್ಮ ಹ್ಯಾಂಡ್‌ಸೆಟ್ ಸರಿ ಇಲ್ಲ' ಅಂತ ಹೇಳಿ ಕಳಿಸೋಕೆ ಕಂಪನಿಗೆ ಕಷ್ಟ ಆಗುತ್ತೆ.