ನೆರಳನ್ನೂ ಕಟ್ಟಿದವರು

ಸೂಪಾ ಅಣೆಕಟ್ಟೆಗಾಗಿ ಊರು ಬಿಟ್ಟವರು ನೆಲೆಸಿದ ನಮ್ಮ ರಾಮನಗರದಲ್ಲಿ ಹೊಸ ಮನೆ ಕಟ್ಟುವಾಗ ಮೊದಲು ಮಾಯವಾಗುವುದು ಜಗಲಿ. ಜಾಗ ದಂಡವಂತೆ! ಮಳೆಗಾಲದಲ್ಲಿ ಅಕ್ಕಿ ಆರಿಸಲು, ಬಟ್ಟೆ ಒಣಗಿಸಲು ಹೆಂಗಸರು ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಕಟ್ಟಡದಲ್ಲಿ ಈ ಲೆಕ್ಕವೇ ಬೇರೆ. ಒರಟು ಗ್ರಾನೈಟ್ ಗೋಡೆಗಳು, ಬಣ್ಣದ ಹಂಗಿಲ್ಲ. ಉದ್ದುದ್ದ ಪಡಸಾಲೆಗಳು, ಬಿಸಿಲನ್ನು ಸೋಸುವ ಕಾಂಕ್ರೀಟ್ ಚಪ್ಪರ, ನಡುನಡುವೆ ಅಂಗಳ, ಹಬ್ಬಿದ ಬಳ್ಳಿ. ತರಗತಿಗೆ ಕೊಟ್ಟಷ್ಟೇ ಮುತುವರ್ಜಿ ನಡೆದಾಡುವ ದಾರಿಗೂ! ಇದನ್ನು ರೂಪಿಸಿದ ಬಾಲಕೃಷ್ಣ ದೋಶಿ 2018ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಭಾರತೀಯರು; 2023ರಲ್ಲಿ ತೀರಿಕೊಂಡರು. ಅವರಿಗೆ ಸ್ಫೂರ್ತಿಯಾದದ್ದು ಅಕ್ಬರನ ಫತೇಪುರ್ ಸಿಕ್ರಿಯ ಅಂಗಳಗಳು. ಹಳೆಯದನ್ನು ನಕಲು ಮಾಡದೆ ಅದರ ನೆರಳು, ಗಾಳಿಯನ್ನಷ್ಟೇ ತಂದರಲ್ಲ, ಅದು ನನಗೆ ಬಹಳ ಹಿಡಿಸಿತು.

ಸಹೋದರಿಯರೇ, ನಕ್ಷೆ ಹಾಕುವ ದಿನ ನೀವೂ ಎದುರು ಕುಳಿತು ಮೇಸ್ತ್ರಿಯ ಬಳಿ ಆರಡಿ ಜಗಲಿ ಕೇಳಿ.