ಬರ್ಗರ್ ಕಂಪನಿಯಿಂದ ರೈತ ಕಲಿಯಬೇಕಂತೆ!

ಕುಕ್ಕರಹಳ್ಳಿ ಕೆರೆ ಏರಿಗೆ ವಾಕಿಂಗ್ ಬರುವ ನಿವೃತ್ತ ಮ್ಯಾನೇಜರ್ ಒಬ್ಬರು ಈ ವಾರ ನನ್ನ ತಲೆ ಕೆಡಿಸಿದರು. ಟೊಮೆಟೊ ರಸ್ತೆಗೆ ಸುರಿದ ಫೋಟೊ ಪೇಪರಿನಲ್ಲಿ ನೋಡಿದ್ದರಂತೆ. “ನಮ್ಮ ರೈತರಿಗೆ ಪ್ಲಾನಿಂಗೇ ಇಲ್ಲ ಸ್ವಾಮಿ, ಮೆಕ್‌ಡೊನಾಲ್ಡ್ಸ್‌ನವರನ್ನು ನೋಡಿ ಕಲೀಬೇಕು” ಎಂದವರೇ ಬಿರಬಿರನೆ ಮುಂದೆ ಹೋದರು. ನನ್ನ ಉತ್ತರಕ್ಕೆ ಕಾಯಲಿಲ್ಲ. ಅದು ಇಲ್ಲಿದೆ.

ಕಲಿಯುವುದು ಏನೂ ಇಲ್ಲ ಅಂತಲ್ಲ. 1996ರಲ್ಲಿ ದೆಹಲಿಯಲ್ಲಿ ಮೊದಲ ಅಂಗಡಿ ತೆರೆಯುವ ಎಷ್ಟೋ ವರ್ಷ ಮೊದಲೇ ಆ ಕಂಪನಿ ಲೆಟಿಸ್ ಬೆಳೆಯುವವರನ್ನು, ಚೀಸ್ ಮಾಡುವವರನ್ನು, ಶೀತಲ ಲಾರಿ ಓಡಿಸುವವರನ್ನು ಹುಡುಕಿ ತಯಾರು ಮಾಡಲು ತೊಡಗಿತ್ತು. ಆಲೂಗಡ್ಡೆ ಮಾತ್ರ ಸತಾಯಿಸಿತು. ನಮ್ಮ ಪಲ್ಯದ ಆಲೂಗಡ್ಡೆಯಲ್ಲಿ ನೀರು ಜಾಸ್ತಿ. ಉದ್ದುದ್ದ ಹೆಚ್ಚಿ ಕರಿದರೆ ಮೆತ್ತಗಾಗುತ್ತದೆ, ಸಕ್ಕರೆ ಅಂಶಕ್ಕೆ ಕಪ್ಪಗಾಗುತ್ತದೆ. ಹಾಗಾಗಿ ಫ್ರೈಸ್ ಹೊರದೇಶದಿಂದ ಬರುತ್ತಿತ್ತು. ಆಮೇಲೆ ಅವರಿಗೆ ಫ್ರೈಸ್ ಒದಗಿಸುವ ಮೆಕೇನ್ ಕಂಪನಿ ಗುಜರಾತಿನ ಮೆಹ್ಸಾಣಾದಲ್ಲಿ ಕಾರ್ಖಾನೆ ಹಾಕಿ, ಅಲ್ಲಿನ ರೈತರಿಂದ ಉದ್ದ ಗೆಡ್ಡೆಯ ತಳಿ ಬೆಳೆಸಿತು. ಜಲಂಧರದಿಂದ ಬೀಜ ತರಿಸಿ, ಮಳೆಗಾಲದಲ್ಲಿ ಅಂಗಮಾರಿಗೆ ಹೆದರುತ್ತ ಬೆಳೆಯುವ ಹಾಸನದ ರೈತ ಆ ತಳಿಗೆ ಬೇಕಾದ ಗುಜರಾತಿನ ಚಳಿಯನ್ನು ಎಲ್ಲಿಂದ ತರಬೇಕು?

ಕಂಪನಿಯ ಜಾಣತನ ಒಪ್ಪೋಣ. 2023ರ ಜುಲೈನಲ್ಲಿ ಅದಕ್ಕೆ ಏನಾಯಿತು? ಕೋಲಾರದಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತು. ಒಳ್ಳೆಯ ಹಣ್ಣು ಸಿಗುತ್ತಿಲ್ಲ ಎಂದು ಬೋರ್ಡ್ ಹಾಕಿ ಉತ್ತರ ಭಾರತದ ಮೆಕ್‌ಡೊನಾಲ್ಡ್ಸ್ ಅಂಗಡಿಗಳು ಬರ್ಗರಿನಿಂದ ಟೊಮೆಟೊವನ್ನೇ ಕಿತ್ತುಹಾಕಿದವು. ನಮ್ಮ ಅಗ್ರಹಾರದ ಹೋಟೆಲ್ ಭಟ್ಟರು ಸಾರಿಗೆ ಇನ್ನೊಂದು ಹಿಡಿ ಹುಣಸೆಹಣ್ಣು ಕಿವುಚಿದರು, ಅಷ್ಟೆ.

ಹೋಟೆಲ್ ಸಾಂಬಾರಿನ ಪರ ವಕಾಲತ್ತು ನನ್ನ ಹಳೇ ಚಾಳಿ, ಓದುಗರು ಸಹಿಸಿಕೊಳ್ಳಬೇಕು. ನುಗ್ಗೆ ಬಂದಾಗ ನುಗ್ಗೆ, ಇಲ್ಲದಿದ್ದರೆ ಕುಂಬಳ, ಅದೂ ತುಟ್ಟಿಯಾದರೆ ಮೂಲಂಗಿ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಸಲೀಸಾಗಿ ಸಿಕ್ಕಿದ್ದು ಮಧ್ಯಾಹ್ನದ ಕೊಳಗಕ್ಕೆ. ಇಲ್ಲಿ ಬೆಳೆಗೆ ತಕ್ಕಂತೆ ಅಡುಗೆ ಬದಲಾಗುತ್ತದೆ. ಚೈನ್ ಅಂಗಡಿಯಲ್ಲಿ ಅಡುಗೆ ಬದಲಾಗುವಂತಿಲ್ಲ, ಹೊಲವೇ ಬದಲಾಗಬೇಕು.

ಆ ಶಿಸ್ತನ್ನು ಚನ್ನರಾಯಪಟ್ಟಣದ ಕಡೆ ನೆಂಟರ ಹೊಲದಲ್ಲಿ ನೋಡಿದ್ದೇನೆ. ಬರ್ಗರಿನ ನಡುವೆ ಇಣುಕುವ ಉಪ್ಪಿನಕಾಯಿ ಬಿಲ್ಲೆಯ ಮಿಡಿಸೌತೆ ಅದು. ಕರ್ನಾಟಕದಿಂದ ಡ್ರಮ್ಮುಗಟ್ಟಲೆ ಯುರೋಪು, ಅಮೆರಿಕಕ್ಕೆ ಹೋಗುತ್ತದೆ. ಬೀಜ, ಗೊಬ್ಬರ ಕಂಪನಿಯದು, ಹಣ ಬೆಳೆಯಲ್ಲಿ ಮುರಿದುಕೊಳ್ಳುತ್ತಾರೆ. ಕೆ.ಜಿ.ಗೆ 160ಕ್ಕೂ ಹೆಚ್ಚು ತೂಗುವ ಪುಟ್ಟ ಮಿಡಿಗೆ ಮೇಲಿನ ದರ. ಒಂದು ರಾತ್ರಿ ಬಿಟ್ಟರೆ ಕಾಯಿ ಊದಿ ಗ್ರೇಡ್ ಇಳಿಯುತ್ತದೆ. ಹೆಂಗಸರು ಬೆಳಕು ಹರಿಯುವ ಮೊದಲೇ ಸುಂಕುಸುಂಕಾದ ಬಳ್ಳಿ ಎತ್ತೆತ್ತಿ ಕೀಳುತ್ತಿದ್ದರು, ಬೆರಳ ತುದಿ ಕೆರೆದು ಕೆಂಪಾಗಿತ್ತು. ತೀರಾ ದಪ್ಪವಾದದ್ದು ಎಮ್ಮೆಗೆ. ಊರ ಸಂತೆಯಲ್ಲಿ ಅದನ್ನು ಮೂಸುವವರಿಲ್ಲ. ಒಂದು ಸಲ ಕಂಪನಿ ಲಾರಿ ಹೇಳಿದ ದಿನ ಬರಲಿಲ್ಲ. ಕಾಯಿ ಕಾಯಲಿಲ್ಲ, ಬೆಳೆಯಿತು. ನಷ್ಟ, ಕೀಳಿಸಿದ ಕೂಲಿ ಸಮೇತ, ನೆಂಟರದ್ದೇ.

ಬೀಜ ಕಂಪನಿಯದಾದರೆ ಕೋರ್ಟೂ ಹತ್ತಿರವಾಗುತ್ತದೆ. ತನ್ನ ಚಿಪ್ಸ್ ತಳಿಯ ಆಲೂಗಡ್ಡೆ ಬೆಳೆದರೆಂದು 2019ರಲ್ಲಿ ಪೆಪ್ಸಿಕೋ ಗುಜರಾತಿನ ರೈತರ ಮೇಲೆ ತಲಾ ಒಂದು ಕೋಟಿಗೂ ಮೀರಿ ಪರಿಹಾರ ಕೇಳಿ ದಾವೆ ಹೂಡಿತ್ತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಹಿಂತೆಗೆದುಕೊಂಡಿತು. ಇಂಥ ಕಂಪನಿಗಳ ಮೇಲಿನ ಸಿಟ್ಟು ಹೊಸದಲ್ಲ. 1996ರ ಜನವರಿಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಬೆಂಗಳೂರಿನ ಕೆಎಫ್‌ಸಿಗೆ ನುಗ್ಗಿದಾಗ ಗಾಜು ಒಡೆದದ್ದೇ ಸುದ್ದಿಯಾಯಿತು. ಗಾಜು ಒಡೆದದ್ದು ನನಗೂ ಹಿಡಿಸಲಿಲ್ಲ. ಆದರೆ ನಮ್ಮ ಹೊಲದಲ್ಲಿ ಏನು ಬೆಳೆಯಬೇಕೆಂದು ತೀರ್ಮಾನಿಸುವವರು ಯಾರು ಎಂಬ ಅವರ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಒಪ್ಪಂದ ಬೇಡವೆನ್ನುತ್ತಿಲ್ಲ. ಆದರೆ ಅದು ಕನ್ನಡದಲ್ಲಿರಲಿ. ಲಾರಿ ಬಾರದಿದ್ದರೆ ದಂಡ ಕಂಪನಿಗೆ ಎಂದಿರಲಿ. ಮಾಲು ವಾಪಸು ಹಾಕಿದರೆ ಕಾರಣ ಬರೆದುಕೊಡಬೇಕೆಂದಿರಲಿ. ರೈತ ಬಂಧುಗಳೇ, ಇಷ್ಟೂ ಇಲ್ಲದ ಕಾಗದಕ್ಕೆ ಸಹಿ ಹಾಕಬೇಡಿ. ಮ್ಯಾನೇಜರುಗಳು ಏನಾದರೂ ಹೇಳಿಕೊಳ್ಳಲಿ.