ರೋಗದ ಹಂತವೂ ಊರಿನ ದೂರವೂ

ದಾಂಡೇಲಿಯ ಸಮೀಪದ ಕುಳಗಿಯನ್ನು ವಿದ್ಯಾರ್ಥಿಗಳು ಪ್ರಕೃತಿ ಶಿಬಿರದ ತಾಣವೆಂದು ಬಲ್ಲರು. ಅಂತಹ ಕಾಡಿನ ಊರಿನ ತಾಯಿಯೊಬ್ಬಳಿಗೆ ಗರ್ಭಕಂಠದ ಕ್ಯಾನ್ಸರು ತಗುಲಿತೆಂದು ಭಾವಿಸೋಣ. ಆಕೆಯ ಅಳಿವು ಉಳಿವುಗಳನ್ನು ನಿರ್ಣಯಿಸುವುದು ಯಾವುದು? ಔಷಧವೇ? ವೈದ್ಯರ ಕೈಚಳಕವೇ? ಇವೆರಡಕ್ಕಿಂತಲೂ ಮೊದಲು, ರೋಗವು ಯಾವ ಹಂತದಲ್ಲಿ ಕಣ್ಣಿಗೆ ಬಿತ್ತೆಂಬುದೇ ಎಂದು ನನ್ನ ದೃಢವಾದ ಅಭಿಪ್ರಾಯ.

ಈ ಹಂತಗಳು ನಾಲ್ಕು. ರೋಗವು ಗರ್ಭಕಂಠದಲ್ಲಿಯೇ ನಿಂತಿದ್ದರೆ ಮೊದಲನೆಯದು. ಅದನ್ನು ಮೀರಿದ್ದರೂ ವಸ್ತಿಕುಹರದ ಗೋಡೆಯನ್ನಾಗಲಿ ಯೋನಿಯ ಕೆಳಭಾಗವನ್ನಾಗಲಿ ಮುಟ್ಟದಿದ್ದರೆ ಎರಡನೆಯದು, ಮುಟ್ಟಿದರೆ ಮೂರನೆಯದು. ಮೂತ್ರಕೋಶ, ಗುದನಾಳ ಅಥವಾ ದೂರದ ಅಂಗಗಳನ್ನು ಆಕ್ರಮಿಸಿದರೆ ನಾಲ್ಕನೆಯದು. 2018ರ ಅಂತರರಾಷ್ಟ್ರೀಯ ಪರಿಷ್ಕರಣದಲ್ಲಿ ಸಮೀಪದ ದುಗ್ಧಗ್ರಂಥಿಗಳಿಗೆ ಹರಡಿದುದನ್ನೂ ಮೂರನೆಯ ಹಂತಕ್ಕೆ ಸೇರಿಸಿದರು.

ಮೊದಲ ಹಂತದ ಸಣ್ಣ ಗಂತಿಯನ್ನು ಶಸ್ತ್ರಕ್ರಿಯೆಯಿಂದ ತೆಗೆದುಹಾಕಬಹುದು. ರೋಗವು ಹಬ್ಬಿದ ಮೇಲಾದರೋ ಸುಮಾರು 5 ವಾರಗಳ ಕಾಲ ಹೊರಗಿನಿಂದ ವಿಕಿರಣ, ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಔಷಧ, ಅನಂತರ ವಿಕಿರಣದ ಮೂಲವನ್ನು ಗರ್ಭಕಂಠದ ಬಳಿಯಲ್ಲಿಯೇ ಇರಿಸುವ ಚಿಕಿತ್ಸೆ ಅಗತ್ಯ. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯುಂಟು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯುಂಟು. ಆದರೆ ಕೂಲಿಯನ್ನೂ ಮಕ್ಕಳನ್ನೂ ತೊರೆದು ಬಡ ಹೆಂಗಸು ಅಷ್ಟು ದಿನ ಪರಸ್ಥಳದಲ್ಲಿ ಇರುವುದೆಂತು? ನಡುವೆ ಚಿಕಿತ್ಸೆ ತಪ್ಪಿದರೆ ಅದರ ಫಲವೇ ಕುಂದುತ್ತದೆ. ಹೀಗೆ ಹಂತವು ಮೇಲೇರಿದಂತೆಲ್ಲ ಆಸ್ಪತ್ರೆಯ ದಾರಿಯೂ ಉದ್ದವಾಗುತ್ತದೆ.

ಆದುದರಿಂದ ರೋಗಿಯು ಪರೀಕ್ಷೆಯನ್ನು ಅರಸಿ ಹೋಗುವುದಲ್ಲ, ಪರೀಕ್ಷೆಯೇ ಹಳ್ಳಿಗೆ ಬರಬೇಕು. ಅದಕ್ಕೆ ಅವಕಾಶವೂ ಸಾಕಷ್ಟಿದೆ. ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ಸೋಂಕು ಕ್ಯಾನ್ಸರಾಗಲು ಸಾಮಾನ್ಯವಾಗಿ 15-20 ವರ್ಷಗಳು ಹಿಡಿಯುತ್ತವೆ. ಹಳ್ಳಿಗೆ ತಜ್ಞರೆಲ್ಲಿಂದ ಬರಬೇಕೆಂದು ಕೆಲವರು ಕೇಳಬಹುದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು 1,50,000 ಹೆಂಗಸರಲ್ಲಿ ನಡೆಸಿದ ಪ್ರಯೋಗವೇ ಇದಕ್ಕೆ ಉತ್ತರ. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತೆಯರು ಗರ್ಭಕಂಠಕ್ಕೆ ವಿನಿಗರಿನಂತಹ ದ್ರಾವಣವನ್ನು ಹಚ್ಚಿ, ಬೆಳ್ಳಗಾಗುವ ಕಲೆಗಳನ್ನು ಗುರುತಿಸಿದರು. ಈ ರೋಗದ ಮರಣಗಳು ಶೇಕಡ 31ರಷ್ಟು ತಗ್ಗಿದುವೆಂದು 2013ರಲ್ಲಿ ಪ್ರಕಟವಾಯಿತು. ಕಲೆ ಕಂಡವರಿಗೆ ಮುಂದಿನ ಚಿಕಿತ್ಸೆ ದೊರೆಯದಿದ್ದರೆ ಮಾತ್ರ ಪರೀಕ್ಷೆ ವ್ಯರ್ಥ.

ವಿದ್ಯಾರ್ಥಿಗಳಿಗೂ ಇಲ್ಲಿ ಕರ್ತವ್ಯವಿದೆ. ಮುಟ್ಟು ನಿಂತ ಮೇಲೆ ರಕ್ತ ಕಾಣಿಸಿದರೆ, ಇಲ್ಲವೆ ದುರ್ವಾಸನೆಯ ಬಿಳುಪು ಹೋಗುತ್ತಿದ್ದರೆ ನಮ್ಮ ತಾಯಂದಿರು ನಾಚಿಕೆಯಿಂದ ಮುಚ್ಚಿಡುತ್ತಾರೆ. 9ರಿಂದ 14 ವರ್ಷದ ಹುಡುಗಿಯರಿಗೆ ಲಸಿಕೆಯುಂಟೆಂಬುದನ್ನೂ ಬಹುಮಂದಿ ಅರಿಯರು. ಓದಿದವರು ಮನೆಯಲ್ಲಿ ಈ ಮಾತನ್ನು ಸಂಕೋಚವಿಲ್ಲದೆ ಎತ್ತಲಿ. ರೋಗವನ್ನು ಮೊದಲ ಹಂತದಲ್ಲಿಯೇ ತಡೆಯಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.